ಡಿಜೆ ಆಗೋಕೆ ಹೋದೋನಿಗೆ ಸಿಕ್ಕಿದ್ದು ಕೇಬಲ್ ಸುತ್ತೋ ಕೆಲಸ

ಬಯಲಲ್ಲಿ ರಾತ್ರಿಯಿಡೀ ಟೆಕ್ನೋ ಅನ್ನೋ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತದ ಪಾರ್ಟಿ ಮಾಡೋ ಒಂದು ಗುಂಪಿಗೆ ನಾನು ಸೇರಿದ್ದು ಡಿಜೆ ಆಗ್ಬೇಕು ಅಂತ, ಮನೇಲಿ ಎರಡು ವರ್ಷ ಎರಡು ಹಾಡಿನ ತಾಳ ಕೂಡಿಸೋ ಬೀಟ್‌ಮ್ಯಾಚ್ ಮಾಡಿ ಮಾಡಿ ಕೈ ಕುದುರಿತ್ತು, ಹೋದ ತಕ್ಷಣ ಸ್ಲಾಟ್, ಅಂದ್ರೆ ನುಡಿಸೋಕೆ ಒಂದು ಹೊತ್ತು, ಕೊಡ್ತಾರೆ ಅನ್ನೋ ಧಿಮಾಕೂ ಇತ್ತು. ಕೊಟ್ಟಿದ್ದು ಕೇಬಲ್ ಸುತ್ತೋ ಕೆಲಸ. ಅದನ್ನೂ ತಪ್ಪು ಸುತ್ತಿದೆ, ಮೊಣಕೈಗೆ ಹಗ್ಗ ಸುತ್ತೋ ಥರ. ಹಾಗೆ ಸುತ್ತಿದ್ರೆ ಒಳಗಿನ ತಂತಿ ತಿರುಚ್ಕೊಂಡು ಕೊನೆಗೆ ಒಳಗೇ ತುಂಡಾಗುತ್ತಂತೆ, ಒಂದು ಸುತ್ತು ನೇರ ಒಂದು ಸುತ್ತು ಉಲ್ಟಾ ಹಾಕ್ಬೇಕು. ಇದನ್ನ ಹೇಳಿಕೊಟ್ಟೋರು ಗುಂಪಿನ ಹಿರಿಯ ಡಿಜೆ, ಎಲ್ಲರೂ ಅಕ್ಕ ಅಂತಾರೆ, ನಾನೂ ಅಕ್ಕ ಅಂತೀನಿ.

ಗುಂಪು ಅಂದ್ರೆ ಹತ್ತು ಹನ್ನೆರಡು ಜನ ಅಷ್ಟೇ. ಸ್ಪೀಕರ್ ಎಲ್ಲರೂ ದುಡ್ಡು ಹಾಕಿ ತಗೊಂಡಿದ್ದು, ಲಾಭ ಅಂತ ಏನೂ ಇಲ್ಲ, ಉಳಿದ್ರೆ ಮುಂದಿನ ಸಲದ ಡೀಸೆಲ್‌ಗೆ. ಜಾಗ ಎಲ್ಲಿ ಅಂತ ಅವತ್ತು ಸಂಜೆ ಮಾತ್ರ ಮೆಸೇಜ್ ಹೋಗುತ್ತೆ, ಅದೂ ಪರಿಚಯದೋರಿಗೆ. ಇದು ಸ್ಟೈಲ್‌ಗೆ ಅಂತ ಅಂದ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು, ಬರೋ ಪ್ರತಿಯೊಬ್ಬರನ್ನೂ ಇನ್ಯಾರೋ ಬಲ್ಲರು ಅನ್ನೋ ಹಾಗಿದ್ರೆ ಕತ್ತಲಲ್ಲಿ ಹೆಣ್ಣುಮಕ್ಕಳಿಗೆ ಕಿರಿಕಿರಿ ಕೊಡೋನು ಮುಖ ಮುಚ್ಕೊಳ್ಳೋಕೆ ಆಗಲ್ಲ. ನ್ಯೂಯಾರ್ಕಲ್ಲಿ ಡೇವಿಡ್ ಮಂಕ್ಯೂಸೊ ಅನ್ನೋ ಡಿಜೆ 1970ರಲ್ಲೇ ತನ್ನ ಮನೇಲಿ ಆಹ್ವಾನ ಇದ್ದೋರಿಗೆ ಮಾತ್ರ ಪಾರ್ಟಿ ಶುರು ಮಾಡಿದ್ರು, ಹೊಸ ಐಡಿಯಾ ಏನಲ್ಲ ಇದು. ಆದ್ರೆ ಜಮೀನಿನ ಯಜಮಾನ್ರಿಗೆ ಗೊತ್ತಿಲ್ದೆ ನಾವು ಯಾವತ್ತೂ ಮಾಡಲ್ಲ, ಅಂಡರ್‌ಗ್ರೌಂಡ್ ಅಂದ್ರೆ ಕಳ್ಳತನ ಅಂತಲ್ಲ.

ಈಗ ಸೌಂಡ್ ವಿಷ್ಯಕ್ಕೆ ಬರ್ತೀನಿ, ನನ್ನ ತಲೆ ಕೆಟ್ಟಿದ್ದು ಇಲ್ಲೇ. ಕ್ಲಬ್ ಒಳಗೆ ಗೋಡೆ ಬೇಸನ್ನ ವಾಪಸ್ ಕಳಿಸುತ್ತೆ, ಬಯಲಲ್ಲಿ ಹೋಗಿದ್ದು ಹೋಯ್ತು. ದೂರ ಎರಡರಷ್ಟು ಆದಾಗೆಲ್ಲ ಸುಮಾರು 6 ಡೆಸಿಬಲ್ ಇಳಿಯುತ್ತೆ. ಅದಕ್ಕೇ ಬರೀ ಬೇಸ್ ಹೊಡೆಯೋ ಸ್ಪೀಕರ್, ಅಂದ್ರೆ ಸಬ್‌ಗಳನ್ನ ಆ ಕಡೆ ಒಂದು ಈ ಕಡೆ ಒಂದು ಇಡದೆ ಮಧ್ಯದಲ್ಲಿ ಒಟ್ಟಿಗೆ ಜೋಡಿಸ್ತೀವಿ, ಒಟ್ಟಿಗಿದ್ರೆ ಒಂದಕ್ಕೊಂದು ಬಲ. ಇಷ್ಟು ಓದ್ಕೊಂಡು ನಾನು ದೊಡ್ಡ ಪಂಡಿತ ಆಗಿದ್ದೆ. ಒಂದು ರಾತ್ರಿ ಗಾಳಿ ಇಲ್ಲ, ಮೋಡ ಇಲ್ಲ, ಸಂಜೆ ಸದ್ದು ಅಳೆಯೋ ಮೀಟರ್ ಹಿಡ್ಕೊಂಡು ದೂರದ ಮನೆಗಳ ತನಕ ನಡೆದು ನೋಡಿದ್ದೆ, ಏನೂ ಕೇಳ್ತಿರಲಿಲ್ಲ. ರಾತ್ರಿ ಒಂದು ಗಂಟೆಗೆ ಯಜಮಾನ್ರ ಫೋನು, ಮನೆ ಕಿಟಕಿ ಅದುರ್ತಿದೆ ಅಂತ. ನಾವು ವಾಲ್ಯೂಮ್ ಮುಟ್ಟೇ ಇರಲಿಲ್ಲ! ಆಗಿದ್ದೇನು ಅಂದ್ರೆ ಅಂಥ ರಾತ್ರಿ ನೆಲ ಬೇಗ ತಣ್ಣಗಾಗುತ್ತೆ, ನೆಲದ ಹತ್ರದ ಗಾಳಿ ತಂಪು ಮೇಲಿಂದು ಬೆಚ್ಚಗೆ, ಮೇಲಕ್ಕೆ ಹೋಗ್ಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೇ ಬರುತ್ತೆ, ಬಹಳ ದೂರ ಹೋಗುತ್ತೆ. 50 ಹರ್ಟ್ಸ್ ಅಲೆಯ ಉದ್ದವೇ ಹತ್ರಹತ್ರ 7 ಮೀಟರ್, ಬೇಲಿ ಟಾರ್ಪಾಲು ಎಲ್ಲ ಅದಕ್ಕೆ ಲೆಕ್ಕಕ್ಕಿಲ್ಲ. ಅವತ್ತು ಬೇಸ್ ಇಳಿಸಿ ಬೆಳಗಿನ ತನಕ ಹಂಗೇ ತಳ್ಳಿದ್ವಿ. ಆಮೇಲಿಂದ ಮೂರು ಸಬ್‌ನಲ್ಲಿ ಒಂದನ್ನ ಹಿಂದಕ್ಕೆ ತಿರುಗ್ಸಿ, ಪೋಲಾರಿಟಿ ಉಲ್ಟಾ ಮಾಡಿ (ಮಿಕ್ಕವು ಗಾಳಿನ ತಳ್ಳಿದಾಗ ಇದು ಎಳೆಯೋ ಹಾಗೆ), ಕೆಲವು ಮಿಲಿಸೆಕೆಂಡ್ ಡಿಲೇ ಕೊಡ್ತೀವಿ, ಹಿಂದೆ ಹೋಗೋ ಬೇಸ್ ಒಂದನ್ನೊಂದು ಹೊಡೆದು ಕಮ್ಮಿ ಆಗುತ್ತೆ. ಮನೆಗಳು ಯಾವ ಕಡೆ ಇವೆಯೋ ಆ ಕಡೆಗೆ ಬೆನ್ನು. ಮೀಟರ್ ವಾಕ್ ಈಗ ಸಂಜೆ ಒಂದು ಸಲ ಅಲ್ಲ, ಗಂಟೆಗೊಂದು ಸಲ, ಮಾಡೋನು ನಾನೇ.

ಜನರೇಟರ್ ಕತೆ ಚಿಕ್ಕದು. ಲೈಟಿಗೆ ಬೇರೆ, ಸೌಂಡಿಗೆ ಬೇರೆ ಇಡಿ, ಫುಲ್ ಲೋಡ್ ಹಾಕ್ಬೇಡಿ, ಕಿಕ್ ಡ್ರಮ್ಮಿನ ಹೊಡೆತ ಬಿದ್ದಾಗೆಲ್ಲ ಆಂಪ್ಲಿಫೈಯರ್ ಕರೆಂಟ್ ಜಾಸ್ತಿ ಎಳೆಯುತ್ತೆ. ಒಮ್ಮೆ ನಾನು ಡೀಸೆಲ್ ನೋಡೋದು ಮರೆತು ಮಧ್ಯರಾತ್ರಿ ಎಲ್ಲ ಬಂದ್ ಆಯ್ತು. ಬಂದ ಜನ ಯಾರೂ ಕೂಗಾಡಲಿಲ್ಲ, ಕೂಗಾಡಿದ್ದು ನಮ್ಮ ಗುಂಪಿನೋರೇ, ನನ್ನ ಮೇಲೆ.

ಕೊನೆಗೂ ಸ್ಲಾಟ್ ಸಿಕ್ತು, ಮೊದಲನೇ ಗಂಟೆ. ಜನ ಇನ್ನೂ ನಡ್ಕೊಂಡು ಬರ್ತಿದಾರೆ, ಬ್ಯಾಗ್ ಇಡೋಕೆ ಜಾಗ ಹುಡುಕ್ತಿದಾರೆ, ನಾನು ಮಾತ್ರ 140 ಬಿಪಿಎಂ, ಅಂದ್ರೆ ನಿಮಿಷಕ್ಕೆ 140 ಬೀಟ್, ಹೊಡೆದೆ, ಮಿಕ್ಸರ್ ಕೆಂಪು ದೀಪ ಹತ್ತೋ ಹಾಗೆ. ಇಪ್ಪತ್ತು ನಿಮಿಷಕ್ಕೆ ಮುಂದೆ ನಿಂತಿದ್ದು ಮೂರೇ ಜನ, ಅದ್ರಲ್ಲಿ ಒಬ್ಬ ಕೇಬಲ್ ಸರಿ ಮಾಡ್ತಿದ್ದ. ಅಕ್ಕ ಬಂದು ಬೈಲಿಲ್ಲ, "ನಿನ್ನ ಹಿಂದೆ ಬರೋಳಿಗೆ ಏನು ಉಳಿಸ್ತೀಯೋ?" ಅಂತ ಕೇಳಿ ಹೋದ್ರು. ಈಗ 118, 120ರಲ್ಲಿ ಶುರು ಮಾಡ್ತೀನಿ, ಗೇನ್, ಅಂದ್ರೆ ಮಿಕ್ಸರಿಗೆ ಬರೋ ಸದ್ದಿನ ಮಟ್ಟ, ಹಸಿರಲ್ಲೇ ಇರುತ್ತೆ, ಎಲ್ಲರಿಗೂ ಗೊತ್ತಿರೋ ಟ್ರ್ಯಾಕ್ ಮುಟ್ಟಲ್ಲ. ಅಕ್ಕ ಮಾತ್ರ ಇವತ್ತಿಗೂ ವಿನೈಲ್ ರೆಕಾರ್ಡಲ್ಲೇ ನುಡಿಸೋದು, ಹಳೇ ಟೆಕ್ನಿಕ್ಸ್ 1200 ಟರ್ನ್‌ಟೇಬಲ್ ಎರಡು. ಬಯಲಲ್ಲಿ ಇದು ಹಠವೇ ಸರಿ, ಗಾಳಿಗೆ ಸೂಜಿ ಹಿಡಿದಿರೋ ಟೋನ್‌ಆರ್ಮ್ ಅಲ್ಲಾಡುತ್ತೆ, ಇಬ್ಬನಿ ರೆಕಾರ್ಡ್ ಮೇಲೆ ಕೂರುತ್ತೆ, ಬೇಸು ನೆಲದಿಂದ ಸೂಜಿಗೆ ಹತ್ತಿ ಗುಂಯ್ ಅನ್ನುತ್ತೆ. ಟರ್ನ್‌ಟೇಬಲ್ ಕೆಳಗೆ ಭಾರದ ಕಲ್ಲು ಚಪ್ಪಡಿ ಹಾಕ್ತೀವಿ, ಹೊರೋನು ಮತ್ತೆ ನಾನೇ.

ಕಿವಿಗೆ ಪ್ಲಗ್ ಹಾಕ್ಕೊಳಿ ಮಾರಾಯ್ರೇ. 100 ಡೆಸಿಬಲ್ ಆದ್ರೆ ದಿನಕ್ಕೆ 15 ನಿಮಿಷ ಅಂತಾರೆ ಕೆಲಸದ ಜಾಗದ ಸುರಕ್ಷತೆ ನೋಡೋ ಅಮೆರಿಕದ ಸರ್ಕಾರಿ ಸಂಸ್ಥೆ ನಿಯಾಶ್‌ನೋರು, ನಾವು ನಿಲ್ಲೋದು ಎಂಟು ಗಂಟೆ.

ಬೆಳಗ್ಗೆ ಸ್ಪೀಕರ್ ಬಿಚ್ಚೋದಕ್ಕೂ ಮುಂಚೆ ಎಲ್ಲರೂ ಒಂದೇ ಸಾಲಲ್ಲಿ ನಿಂತು ಬಯಲಿನ ಈ ತುದಿಯಿಂದ ಆ ತುದಿಗೆ ನಡೀತೀವಿ, ನೃತ್ಯ ಮಾಡಿದ ಜನವೂ ಸೇರ್ಕೋತಾರೆ, ಹೆಚ್ಚಾಗಿ ಸಿಗೋದು ಸಿಗರೇಟ್ ತುಂಡು. ಹೋದ ಸಲ ಯಜಮಾನ್ರೂ ಬಂದು ನಮ್ಮ ಜೊತೆ ನಡೆದ್ರು. ಒಂದು ಬಾಟ್ಲಿ ಮುಚ್ಚಳ ಸಿಕ್ತು ಅವರಿಗೆ, ಏನೂ ಅನ್ನದೆ ಜೇಬಿಗೆ ಹಾಕ್ಕೊಂಡ್ರು. ಹೋಗ್ತಾ ನನ್ನ ಕಡೆ ತಿರುಗಿ, "ಮುಂದಿನ ಸಲ ಆ ಡಬ್ಬಗಳ್ನ ಇನ್ನೊಂಚೂರು ಗುಡ್ಡದ ಕಡೆ ತಿರುಗ್ಸಪ್ಪಾ" ಅಂದ್ರು.