ಅಪ್ಪನಿಗೆ ಕಿವಿ ಕೇಳಿಸುತ್ತಿಲ್ಲ, ಮೊದಲು ಯಾರ ಹತ್ತಿರ ಹೋಗಬೇಕು?

ಟಿವಿ ಸೌಂಡು ದಿನೇ ದಿನೇ ಏರುತ್ತದೆ. ನಾಲ್ಕು ಜನ ಕೂತು ಮಾತಾಡುವಾಗ ಅಪ್ಪ ಸುಮ್ನೆ ನಕ್ಕು ತಲೆಯಾಡಿಸುತ್ತಾರೆ. ನಮ್ಮನೆಯಲ್ಲಿ ಇದನ್ನು ಎರಡು ವರ್ಷ "ವಯಸ್ಸಾಯ್ತಲ್ಲ" ಅಂತ ಬಿಟ್ಟೆವು. ಆಮೇಲೆ ಜಾಹೀರಾತು ನೋಡಿ ನೇರವಾಗಿ ಕಿವಿ ಮಷಿನ್ ಮಾರುವ ಅಂಗಡಿಗೇ ಕರೆದುಕೊಂಡು ಹೋದೆವು. ಅರ್ಧ ಗಂಟೆಯಲ್ಲಿ ಮಷಿನ್ ಕಿವಿಗೆ ಬಂತು, ವಾರದಲ್ಲಿ ಬೀರು ಸೇರಿತು. ನೀವು ಹಾಗೆ ಮಾಡಬೇಡಿ.

ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಗುಗ್ಗೆ ಗಟ್ಟಿಯಾಗಿರಬಹುದು, ಕಿವಿ ಸೋರುತ್ತಿರಬಹುದು, ಕಿವಿ ತಮಟೆಯಲ್ಲಿ ತೂತಾಗಿರಬಹುದು. ಅಪ್ಪನ ಎಡಗಿವಿಯಲ್ಲಿ ಗುಗ್ಗೆ ಕಲ್ಲಿನ ಹಾಗೆ ಕೂತಿತ್ತು, ಅಂಗಡಿಯಲ್ಲಿ ಯಾರೂ ಒಳಗೆ ಇಣುಕಿ ಕೂಡ ನೋಡಿರಲಿಲ್ಲ.

ಒಂದು ಮಾತು ನೆನಪಿಡಿ. ಯಾರಿಗಾದರೂ ಒಂದು ಕಿವಿ ಇದ್ದಕ್ಕಿದ್ದ ಹಾಗೆ ಕೇಳಿಸದೆ ಹೋದರೆ ಅದು ತುರ್ತು. ಅವತ್ತೇ ಇಎನ್‌ಟಿ ಹತ್ತಿರ ಹೋಗಿ, ಔಷಧಿ ತಡವಾದಷ್ಟೂ ಫಲ ಕಡಿಮೆ.

ಆಮೇಲೆ ಆಡಿಯಾಲಜಿಸ್ಟ್. ಎಷ್ಟು ಕೇಳಿಸುತ್ತದೆ ಅಂತ ಅಳೆದು, ಮಷಿನ್ ಬೇಕಾ, ಯಾವುದು ಬೇಕು ಅಂತ ಹೇಳುವವರು ಇವರು. ಬಿಎಎಸ್‌ಎಲ್‌ಪಿ, ಅಂದರೆ ಕಿವಿ ಮತ್ತು ಮಾತಿನ ವಿಷಯದ ಪದವಿ, ಅಥವಾ ಅದಕ್ಕಿಂತ ಮೇಲಿನ ಓದು ಇರಬೇಕು, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಆಗಿರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ, ಸರಿಯಾದವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಪರೀಕ್ಷೆ ಸದ್ದಿಲ್ಲದ ಕೋಣೆಯಲ್ಲಿ ನಡೆಯಬೇಕು. ಹೆಡ್‌ಫೋನ್ ಹಾಕಿ, 250ರಿಂದ 8000 ಹರ್ಟ್ಸ್ ತನಕ ಬೇರೆ ಬೇರೆ ಸ್ವರ ಕೇಳಿಸುತ್ತಾರೆ. ಕಿವಿಯ ಹಿಂದಿನ ಮೂಳೆಯ ಮೂಲಕವೂ ನೋಡುತ್ತಾರೆ, ತೊಂದರೆ ಹೊರಗಿವಿ-ನಡುಗಿವಿಯದಾ ಒಳಗಿವಿಯದಾ ಅಂತ ಗೊತ್ತಾಗುವುದು ಅದರಿಂದಲೇ. ಪದಗಳನ್ನು ಹೇಳಿಸುವ ಪರೀಕ್ಷೆಯೂ ಇದೆ. ಅದನ್ನು ಕನ್ನಡದಲ್ಲಿ ಮಾಡುತ್ತಾರಾ ಅಂತ ಮೊದಲೇ ಕೇಳಿ, ಗೊತ್ತಿಲ್ಲದ ಭಾಷೆಯ ಪದ ತಪ್ಪಾಗಿ ಹೇಳಿದರೆ ಅದು ಕಿವಿಯ ತಪ್ಪಲ್ಲ ಅಲ್ವಾ? ಪರೀಕ್ಷೆಯ ಫಲಿತಾಂಶ ಬರೆದ ಆಡಿಯೋಗ್ರಾಮ್ ಕಾಗದವನ್ನು ಮರೆಯದೆ ಈಸ್ಕೊಳ್ಳಿ, ಅದು ಕೈಯಲ್ಲಿದ್ದರೆ ಇನ್ನೊಬ್ಬರ ಅಭಿಪ್ರಾಯ ಕೇಳಬಹುದು.

ಎಲ್ಲಿಗೆ ಹೋಗೋದು? ಮೈಸೂರು ಹತ್ತಿರವಿದ್ದರೆ ಯೋಚನೆಯೇ ಬೇಡ, ಮಾನಸಗಂಗೋತ್ರಿಯ ಆಯಿಷ್, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಕೇಂದ್ರ ಸರ್ಕಾರದ್ದು, 1965ರಿಂದ ಇದೆ, ಆಡಿಯಾಲಜಿಸ್ಟ್‌ಗಳನ್ನು ತಯಾರು ಮಾಡುವ ಜಾಗವೇ ಅದು. ಜನ ಜಾಸ್ತಿ, ಒಂದು ದಿನ ಬಿಡುವು ಮಾಡಿಕೊಂಡು ಬೆಳಿಗ್ಗೆ ಬೇಗ ಹೋಗಿ. ಬೆಂಗಳೂರಿನಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಬೇರೆ ಊರಿನವರು ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಿ. ದುಡ್ಡಿನ ತಾಪತ್ರಯವಿದ್ದರೆ ಅಂಗವಿಕಲರಿಗೆ ಸಲಕರಣೆ ಕೊಡುವ ಕೇಂದ್ರದ ಅಡಿಪ್ ಯೋಜನೆ ಬಗ್ಗೆ ಅಲ್ಲೇ ಕೇಳಿ, ಕಡಿಮೆ ಆದಾಯದವರಿಗೆ ಮಷಿನ್ ಉಚಿತವಾಗಿ ಸಿಗಬಹುದು. ಆದಾಯ ಪ್ರಮಾಣಪತ್ರ ಜೊತೆಗಿರಲಿ.

ಮಗುವಿನ ವಿಷಯವಾದರೆ ಒಂದು ದಿನವೂ ಕಾಯಬೇಡಿ. "ಅವರಪ್ಪನೂ ತಡವಾಗೇ ಮಾತಾಡಿದ್ದು" ಅಂತ ಅಜ್ಜಿ ಹೇಳಬಹುದು, ಆದರೂ ಕರೆದುಕೊಂಡು ಹೋಗಿ. ಹುಟ್ಟಿದ ಒಂದು ತಿಂಗಳೊಳಗೆ ಕಿವಿ ಪರೀಕ್ಷೆ ಆಗಬೇಕು, ನಿದ್ದೆ ಮಾಡುತ್ತಿರುವ ಕೂಸಿಗೂ ಅದನ್ನು ಮಾಡುತ್ತಾರೆ.

ಆಡಿಯಾಲಜಿಸ್ಟ್ ಹೇಳಿದ ಮಷಿನ್ ಹಾಕಿದ ದಿನ ಪಾತ್ರೆ ಸದ್ದಿಗೇ ಅಪ್ಪ ಬೆಚ್ಚಿಬಿದ್ದರು, "ತೆಗೆದುಬಿಡು" ಅಂದರು. ಈ ಸಲ ನಾವು ಬಿಡಲಿಲ್ಲ. ದಿನಕ್ಕೆ ಒಂದೆರಡು ಗಂಟೆಯಿಂದ ಶುರು ಮಾಡಿ, ಎಲ್ಲಿ ಕರ್ಕಶ, ಎಲ್ಲಿ ಕೇಳಿಸುತ್ತಿಲ್ಲ ಅಂತ ಚೀಟಿಯಲ್ಲಿ ಬರೆದುಕೊಂಡು, ಮೂರು ಸಲ ಹೋಗಿ ಸರಿ ಮಾಡಿಸಿದೆವು. ಹಾಗೆ ಮತ್ತೆ ಮತ್ತೆ ಬರಲು ಹೇಳುವ ಆಡಿಯಾಲಜಿಸ್ಟ್ ಸಿಕ್ಕರೆ ಅವರನ್ನೇ ಹಿಡಿದುಕೊಳ್ಳಿ.