ಮೊದಲು ಸೋಡಾ, ಆಮೇಲೆ ನವಸಾಗರ: ಟಗರು ಮರಿ ಕಟ್ಟಿ ಮೇಯಿಸಿದ ನನ್ನ ಅನುಭವ

ಕಟ್ಟಿ ಮೇಯಿಸಿದ ಕೆಂಗುರಿ ಮರಿ ನೂರು ದಿನದಲ್ಲಿ ಹದಿನೈದು ಕೆಜಿ ಏರುತ್ತದೆ ಅಂದರೆ ನಮ್ಮ ಹುನಗುಂದ ಕಡೆ ಯಾರೂ ನಂಬುತ್ತಿರಲಿಲ್ಲ. "ಕುರಿ ಅಡ್ಡಾಡಿ ಮೇಯಬೇಕು, ಕಟ್ಟಿದರೆ ಹೊಟ್ಟೆ ಉಬ್ಬಿ ಸಾಯ್ತಾವೆ" ಅಂತ ನಮ್ಮ ಕಾಕಾ ಹೇಳುತ್ತಿದ್ದರು. ಸಂತೆಯ ದಲ್ಲಾಳಿಗಳ ಮಾತೂ ಅದೇ. ಕಳೆದ ಬಕ್ರೀದಿಗೆ ಅದೇ ದಲ್ಲಾಳಿಗಳು ಶೆಡ್ಡಿಗೇ ಬಂದು ಮರಿ ಒಯ್ದರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಲಸಿಕೆ, ಜಂತಿನ ಔಷಧಿ ನಿಮಗೆಲ್ಲ ಗೊತ್ತಿರುವುದೇ. ಇಟಿ, ಅಂದರೆ ಕರುಳು ಬೇನೆಯ ಲಸಿಕೆ ಹಾಕದೆ ಕಾಳು ಹೆಚ್ಚಿಸಬೇಡಿ, ಅಷ್ಟೇ. ನಾನು ಹೇಳುವುದು ಕಾಳಿನ ಜೊತೆ ಬೆರೆಸುವ ಪುಡಿಗಳ ವಿಷಯ.

ಮೊದಮೊದಲು ನಾನೂ ಅಂಗಡಿಯವರು ಕೊಟ್ಟ ಟಾನಿಕ್ಕು, ಬೆಳವಣಿಗೆ ಪುಡಿ ಎಲ್ಲ ಹಾಕಿದೆ. ಒಂದು ಮರಿಗೆ ಇನ್ನೂರು, ಇನ್ನೂರೈವತ್ತು ರೂಪಾಯಿ ಅದಕ್ಕೇ ಹೋಗುತ್ತಿತ್ತು. ತೂಕ ಮಾತ್ರ ದಿನಕ್ಕೆ ಎಂಬತ್ತು ತೊಂಬತ್ತು ಗ್ರಾಂ ದಾಟುತ್ತಿರಲಿಲ್ಲ. ಹಿಕ್ಕೆ ಗುಂಡಗೆ ಬೀಳದೆ ಮೆತ್ತಗೆ ಬೀಳುತ್ತಿತ್ತು. ಒಂದು ಮರಿ ಮೂರು ದಿನ ಮೇವು ಬಿಟ್ಟರೆ ಹದಿನೈದು ದಿನದ ಖರ್ಚು ನೀರಿಗೆ ಹೋದ ಹಾಗೆ. ಆ ಲಾಟಿನಲ್ಲಿ ಕೈಗೆ ಉಳಿದದ್ದು ಗೊಬ್ಬರ ಮಾರಿದ ದುಡ್ಡು ಮಾತ್ರ.

ದಾರಿ ಸಿಕ್ಕಿದ್ದು ಗೋವಿನಜೋಳದಿಂದ. ನುಣ್ಣಗೆ ಒಡೆಸಿ ಹಾಕುವುದನ್ನು ನಿಲ್ಲಿಸಿ ಇಡೀ ಕಾಳನ್ನೇ ಹಾಕಿದೆ. ದನಕ್ಕಾದರೆ ಇಡೀ ಕಾಳು ಒಂದಷ್ಟು ಹಾಗೇ ಹೊರಗೆ ಬೀಳುತ್ತದೆ. ಕುರಿ ಅದನ್ನು ಚೆನ್ನಾಗಿ ಅಗಿಯುತ್ತದೆ, ಮೆಲುಕೂ ಹಾಕುತ್ತದೆ. ಹೊಟ್ಟೆಯಲ್ಲಿ ಹುಳಿ ಒಮ್ಮೆಲೇ ಏಳುವುದಿಲ್ಲ. ಗಿರಣಿ ಖರ್ಚು ಕೆಜಿಗೆ ಎರಡು ರೂಪಾಯಿ ಉಳಿಯಿತು. ನಾನು ಕಾಳು ಅನ್ನುವ ಮಿಶ್ರಣದಲ್ಲಿ ಅರ್ಧಕ್ಕಿಂತ ಜಾಸ್ತಿ ಗೋವಿನಜೋಳ, ಉಳಿದದ್ದು ಶೇಂಗಾ ಹಿಂಡಿ, ಬೂಸಾ, ತೊಗರಿ ಚುನ್ನಿ (ಬೇಳೆ ಮಾಡುವಾಗ ಉಳಿಯುವ ನುಚ್ಚು, ಸಿಪ್ಪೆ). ಜೊತೆಗೆ ಶೇಂಗಾ ಹೊಟ್ಟು, ತೊಗರಿ ಹೊಟ್ಟು ಯಾವಾಗಲೂ ಮುಂದೆ ಇರಬೇಕು. ಹೊಟ್ಟು ಕಡಿಮೆ ಮಾಡಿ ಪುಡಿ ಜಾಸ್ತಿ ಮಾಡಿದರೆ ಯಾವ ಪುಡಿಯೂ ಉಳಿಸಲ್ಲ.

ಇಡೀ ಕಾಳಿಗೆ ಒಂದು ತೊಂದರೆ ಇದೆ. ಪುಡಿಗಳು ಗೋದಲಿಯ ತಳಕ್ಕೆ ಇಳಿದುಬಿಡುತ್ತವೆ. ಬೆಲ್ಲದ ನೀರು ಚಿಮುಕಿಸಿ ಕಲಸಿದರೆ ಕಾಳಿಗೆ ಅಂಟಿಕೊಳ್ಳುತ್ತವೆ. ಆ ನೀರಿಗೆ ನಾನು ಇನ್ನೊಂದು ವಸ್ತು ಹಾಕುತ್ತೇನೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಎರಡು ಲಾಟು ನೋಡಿ ಹೇಳುತ್ತೇನೆ.

ಈಗ ಸೋಡಾ. ಅಡುಗೆ ಸೋಡಾ ಒಂದು ಕೆಜಿ ಕಾಳಿಗೆ ಸುಮಾರು 10 ಗ್ರಾಂ. ಇದು ಮೊದಲ ಮೂರು ನಾಲ್ಕು ವಾರಕ್ಕೆ ಮಾತ್ರ. ಕಾಳು ದಿನಕ್ಕೆ 100 ಗ್ರಾಂನಿಂದ ಶುರುಮಾಡಿ 400ಕ್ಕೆ ಏರಿಸುವ ಹೊತ್ತಿನಲ್ಲೇ ಹೊಟ್ಟೆ ಕೆಡುವುದು, ಅಲ್ವಾ? ಸೋಡಾ ಬೇಕಾಗುವುದು ಆಗಲೇ.

ಆಮೇಲೆ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಕಲಾಯಿ ಹಾಕುವವರು ಬಳಸುವುದೂ ಇದನ್ನೇ. ಮೇವಿಗೆ ಮಾತ್ರ ಶುದ್ಧವಾದದ್ದೇ ಬೇಕು. ಕಾಳು ತಿನ್ನುವ ಟಗರು ಮರಿಗೆ ಮೂತ್ರದಲ್ಲಿ ಹರಳು ಕಟ್ಟುತ್ತದೆ. ಮಾರುವ ಹೊತ್ತಿಗೆ ಮರಿ ಮೂತ್ರ ಬಾರದೆ ತಿಣುಕುತ್ತಾ ನಿಂತರೆ ಹನ್ನೆರಡು ಸಾವಿರದ ಮಾಲು ಕೈಬಿಟ್ಟಂತೆಯೇ. ಅದನ್ನು ತಡೆಯಲು ಮರಿಗೆ ದಿನಕ್ಕೆ 4-5 ಗ್ರಾಂ ನವಸಾಗರ ಸಾಕು. ಜೊತೆಗೆ ಕಾಳಿಗೆ ನೂರಕ್ಕೆ ಒಂದರಷ್ಟು ಸುಣ್ಣಕಲ್ಲಿನ ಪುಡಿ, ಒಂದರಷ್ಟು ಉಪ್ಪು, ಮತ್ತೆ ಹೊಟ್ಟೆ ತುಂಬ ನೀರು.

ಇಲ್ಲೇ ಬಹಳ ಜನ ಎಡವುತ್ತಾರೆ. ಸೋಡಾ, ನವಸಾಗರ ಎರಡನ್ನೂ ಕೊನೆಯವರೆಗೆ ಒಟ್ಟಿಗೇ ಹಾಕುತ್ತಾರೆ. ನವಸಾಗರ ಕೆಲಸ ಮಾಡುವುದೇ ಮೂತ್ರವನ್ನು ಹುಳಿ ಮಾಡಿ, ಸೋಡಾ ಆ ಹುಳಿಯನ್ನು ಮುರಿಯುತ್ತದೆ. ನವಸಾಗರ ದಂಡ. ಸೋಡಾ ನಿಲ್ಲಿಸಿದ ಮೇಲೆಯೇ ನವಸಾಗರ ಶುರುಮಾಡಿ. ಈ ಕ್ರಮ ಹಿಡಿದ ಮೇಲೆ ನನ್ನ ಶೆಡ್ಡಿನಲ್ಲಿ ಮೂತ್ರ ಕಟ್ಟಿ ಒಂದು ಮರಿಯೂ ಹೋಗಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಇನ್ನೊಂದು ಪುಡಿ ಯೀಸ್ಟ್, ಮೇವು ಚೆನ್ನಾಗಿ ಅರಗಲಿ ಅಂತ ಹಾಕುವುದು. ಅದು ಜೀವಂತವಾಗಿರಬೇಕು, ಮರಿಗೆ ದಿನಕ್ಕೆ ಒಂದು ಗ್ರಾಂ ಆಸುಪಾಸು. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಅಂಗಡಿಯಲ್ಲೇ ಸತ್ತಿರುತ್ತದೆ. ಉಗುರುಬೆಚ್ಚಗಿನ ಸಕ್ಕರೆ ನೀರಿಗೆ ಒಂದು ಚಮಚ ಹಾಕಿ ನೋಡಿ. ಕಾಲು ಗಂಟೆಯಲ್ಲಿ ನೊರೆ ಏಳದಿದ್ದರೆ ವಾಪಸ್ ಕೊಡಿ. ಚೆನ್ನಾಗಿದ್ದ ಯೀಸ್ಟ್ ಹಾಕಿದಾಗ ಸೆಕೆಯಲ್ಲೂ ಮರಿಗಳು ಗೋದಲಿ ಬಿಡಲಿಲ್ಲ. ಆದರೂ ಬೇಸಿಗೆಯಲ್ಲಿ ಕಾಳಿನ ದೊಡ್ಡ ಪಾಲು ಸಂಜೆಗೇ ಹಾಕಿ, ಮಧ್ಯಾಹ್ನ ಸುಮ್ನೆ ದಂಡ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಹುಳಿ ಮಜ್ಜಿಗೆ ಕುಡಿಸಿದೆ. ಭೇದಿಯಾದ ಮರಿ ಚೇತರಿಸಿಕೊಂಡಿತು, ತೂಕಕ್ಕೆ ಏನೂ ಆಗಲಿಲ್ಲ. ಓಂಕಾಳು, ಬೆಳ್ಳುಳ್ಳಿ ಜಜ್ಜಿ ಹಾಕಿದೆ. ವಾಸನೆಗೆ ಅರ್ಧ ಮರಿ ಹಿಂದೆ ಸರಿದವು. ಹುರಿದ ಹುಣಸೆ ಬೀಜದ ಪುಡಿ ಸ್ವಲ್ಪ ಹಾಕಿದಾಗ ಹಿಕ್ಕೆ ಗಟ್ಟಿಯಾಯಿತು, ಜಾಸ್ತಿ ಹಾಕಿದರೆ ತಿನ್ನುವುದೇ ಕಡಿಮೆ. ಅದರ ಅಳತೆ ಇನ್ನೂ ಹುಡುಕುತ್ತಿದ್ದೇನೆ.

ಖನಿಜ ಮಿಶ್ರಣ ಕೊಳ್ಳುವಾಗ ಚೀಲ ಓದಿ. ದನದ ಮಿಶ್ರಣದಲ್ಲಿ ತಾಮ್ರ ಜಾಸ್ತಿ ಇರುತ್ತದೆ, ಕುರಿ ಅದನ್ನು ತಡೆಯಲ್ಲ. ತಾಮ್ರ ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಸೇರುತ್ತಾ ಹೋಗಿ, ಒಂದು ದಿನ ಮೂತ್ರ ಕೆಂಪಾಗಿ, ಕಣ್ಣು ಹಳದಿಯಾಗಿ ಮರಿ ಬೀಳುತ್ತದೆ. ಆಗ ಮಾಡಲು ಏನೂ ಉಳಿದಿರುವುದಿಲ್ಲ. ಕುರಿಗೆ ಅಂತಲೇ ಮಾಡಿದ್ದು ತನ್ನಿ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಅಮೀನಗಡ ಸಂತೆಯಲ್ಲಿ ತಂದ ನಾಲ್ಕು ತಿಂಗಳ ಮರಿ, ಹದಿನೈದು ಕೆಜಿ ಆಸುಪಾಸು, ಏಳು ಸಾವಿರ. ಕಾಳು ಹನ್ನೊಂದು ನೂರು, ಹೊಟ್ಟು ಐದು ನೂರು, ಲಸಿಕೆ ಔಷಧಿ ಇನ್ನೂರು. ಸೋಡಾ, ನವಸಾಗರ, ಯೀಸ್ಟ್, ಖನಿಜ ಎಲ್ಲ ಸೇರಿ ನೂರೈವತ್ತು ದಾಟಿಲ್ಲ. ಮೂವತ್ತು ಕೆಜಿ ಹತ್ತಿರ ಬಂದಾಗ ಹನ್ನೆರಡು ಸಾವಿರದ ಸುತ್ತ ಹೋಯಿತು. ಸತ್ತದ್ದು, ಕೂಲಿ ಎಲ್ಲ ಕಳೆದರೂ ಮರಿಗೆ ಎರಡೂವರೆ ಸಾವಿರ ಉಳಿಯಿತು. ಕಾಕಾ ಈ ಸಲ ತಮ್ಮ ಹತ್ತು ಮರಿ ನನ್ನ ಶೆಡ್ಡಿನಲ್ಲಿ ಬಿಟ್ಟಿದ್ದಾರೆ.

ಯೀಸ್ಟ್ ದುಡ್ಡು ನಿಜಕ್ಕೂ ತಿರುಗಿ ಬರುತ್ತದಾ ಅನ್ನುವುದು ನನಗೆ ಇನ್ನೂ ಪಕ್ಕಾ ಆಗಬೇಕು. ಈ ಲಾಟಿನಲ್ಲಿ ಅರ್ಧ ಮರಿಗೆ ಕೊಡುತ್ತಿಲ್ಲ. ಕಿವಿಗೆ ಬಿಲ್ಲೆ ಹಾಕಿ ಹದಿನೈದು ದಿನಕ್ಕೊಮ್ಮೆ, ಬೆಳಗ್ಗೆ ನೀರಿಗೆ ಮೊದಲು ತೂಗುತ್ತಿದ್ದೇನೆ. ಬಕ್ರೀದ್ ಮಾರಾಟ ಮುಗಿದ ಮೇಲೆ ಎರಡೂ ಗುಂಪಿನ ತೂಕ ಹಾಕುತ್ತೇನೆ.