ಕ್ರೂಸ್ ಆರಿಸುವಾಗ ಮೊದಲು ಹಡಗು ನೋಡಬೇಕೋ, ಊರು ನೋಡಬೇಕೋ?

ಮುಂಬಯಿ, ಪುಣೆಯ ನಮ್ಮ ಮನೆಗಳಲ್ಲಿ ಈಗ ಅಪ್ಪನ ಷಷ್ಟ್ಯಬ್ದಿಗೋ, ದೀಪಾವಳಿ ರಜೆಗೋ ಕ್ರೂಸಿನ ಮಾತು ಬಂದೇ ಬರುತ್ತದೆ. ಏಜೆಂಟರು ವಾಟ್ಸ್ಯಾಪಿನಲ್ಲಿ ಕಳಿಸುವ ಜಾಹೀರಾತಿನಲ್ಲಿ ಹಡಗಿನ ಫೋಟೊ ದೊಡ್ಡದು, ಊರುಗಳ ಹೆಸರು ಅದಕ್ಕಿಂತ ದೊಡ್ಡದು. ಈ ಎರಡರಲ್ಲಿ ನೀವು ದುಡ್ಡು ಕೊಡುತ್ತಿರುವುದು ಯಾವುದಕ್ಕೆ ಎಂಬುದು ಬುಕಿಂಗಿಗೆ ಮೊದಲೇ ಗೊತ್ತಾಗಬೇಕು. ಅದಕ್ಕೆ ಗಂಟೆಗಳ ಲೆಕ್ಕ ಹಾಕಿದರೆ ಸಾಕು.

ಮುಂಬಯಿ–ಗೋವಾ–ಮುಂಬಯಿ ಎರಡು ರಾತ್ರಿಯ ಯಾನವನ್ನೇ ತೆಗೆದುಕೊಳ್ಳಿ. ಮುಂಬಯಿಯಿಂದ ಮುರ್ಮುಗಾಂವ್ ಬಂದರಿಗೆ ಸಮುದ್ರದಲ್ಲಿ ಸುಮಾರು 230 ನಾಟಿಕಲ್ ಮೈಲು, ಅಂದರೆ 425 ಕಿಲೋಮೀಟರ್ ಚಿಲ್ಲರೆ. ಹಡಗು 15 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 15 ನಾಟಿಕಲ್ ಮೈಲಿನಂತೆ ಹೋದರೆ 15–16 ಗಂಟೆ ಬೇಕು. ಶುಕ್ರವಾರ ಸಂಜೆ ಆರಕ್ಕೆ ಬಿಟ್ಟು, ಶನಿವಾರ ಹತ್ತಕ್ಕೆ ಗೋವಾ ಮುಟ್ಟಿ, ಸಂಜೆ ಏಳಕ್ಕೆ ಹೊರಟು, ಭಾನುವಾರ ಹನ್ನೊಂದಕ್ಕೆ ವಾಪಸ್ ಬಂದರೆ ಒಟ್ಟು 41 ಗಂಟೆ. ಬಂದರಿನಲ್ಲಿ ನಿಲ್ಲುವುದು ಒಂಬತ್ತು ಗಂಟೆ. ಅದರಲ್ಲಿ ಇಳಿಯುವ ಸಾಲಿಗೆ ಒಂದು ಗಂಟೆ ಕಳೆಯಿರಿ. ಹೊರಡುವುದಕ್ಕೆ ಅರ್ಧದಿಂದ ಒಂದು ಗಂಟೆ ಮೊದಲೇ ಎಲ್ಲರೂ ಹಡಗು ಹತ್ತಿರಬೇಕು, ಅದನ್ನೂ ಕಳೆಯಿರಿ. ಮುರ್ಮುಗಾಂವಿನಿಂದ ಪಣಜಿಗೆ ಸುಮಾರು 30 ಕಿಲೋಮೀಟರ್, ಹೋಗಿ ಬರಲು ಎರಡು ಗಂಟೆ. ಕೈಯಲ್ಲಿ ಉಳಿಯುವುದು ಐದು ಗಂಟೆ. ಇಷ್ಟರಲ್ಲಿ ಹಳೇ ಗೋವಾದ ಚರ್ಚು ನೋಡಿ, ಒಂದು ಕಡೆ ಊಟ ಮಾಡಬಹುದು. ಬಾಗಾ, ಕಲಂಗುಟ್ ಎಂದು ಉತ್ತರಕ್ಕೆ ಓಡಿದರೆ ದಿನವೆಲ್ಲ ಟ್ಯಾಕ್ಸಿಯಲ್ಲೇ ಕಳೆದುಹೋಗುತ್ತದೆ.

ಗೋವಾ ನೋಡಬೇಕು ಎನ್ನುವವರು ಕೊಂಕಣ ರೈಲ್ವೆಯಲ್ಲಿ ಮಡಗಾಂವಿಗೆ ಹೋಗುವುದೇ ಸರಿ. ಈ ಯಾನದಲ್ಲಿ ನೀವು ಕೊಳ್ಳುತ್ತಿರುವುದು ಹಡಗನ್ನು. ಎರಡು–ಮೂರು ರಾತ್ರಿಯ ಯಾವ ಯಾನವಾದರೂ ಹೀಗೇ: ಹಡಗು ಚೆನ್ನಾಗಿದ್ದರೆ ಪ್ರವಾಸ ಚೆನ್ನ. ಐದು ರಾತ್ರಿ ದಾಟಿತೆಂದರೆ ಊರುಗಳ ತೂಕ ಹೆಚ್ಚುತ್ತದೆ. ಏಳು ರಾತ್ರಿಯ ಮೇಲಾದರೆ ಊರುಗಳೇ ಮೊದಲು, ಹಡಗು ಆಮೇಲೆ.

ಹಡಗನ್ನು ಅಳೆಯುವುದು ಹೀಗೆ

ಜಾಹೀರಾತಿನಲ್ಲಿ ಎಷ್ಟು ರೆಸ್ಟೋರೆಂಟು, ಎಷ್ಟು ಸ್ಲೈಡು ಎಂದು ಬರೆದಿರುತ್ತಾರೆ. ನೀವು ಹುಡುಕಬೇಕಾದ ಅಂಕಿ ಬೇರೆ. ಗ್ರಾಸ್ ಟನ್ನೇಜ್ ಎಂಬುದು ಹಡಗಿನ ಒಳಜಾಗದ ಅಳತೆ, ತೂಕವಲ್ಲ. ಅದನ್ನು ಕ್ಯಾಬಿನ್ನಿಗೆ ಇಬ್ಬರಂತೆ ಎಣಿಸಿದ ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆ ಎಷ್ಟು ಜಾಗ ಎಂದು ತಿಳಿಯುತ್ತದೆ. 2021ರಿಂದ ಮುಂಬಯಿಯಿಂದ ಹೊರಡುತ್ತಿರುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ 1990ರ ಹಡಗು. ಅದರ ಟನ್ನೇಜ್ ಸುಮಾರು 48,500, ಪ್ರಯಾಣಿಕರು ಸುಮಾರು 1,600, ತಲೆಗೆ 30. ಸಿಂಗಾಪುರದ ಗೆಂಟಿಂಗ್ ಡ್ರೀಮ್ ಹಡಗಿನಲ್ಲಿ 1,50,000 ಟನ್ನೇಜಿಗೆ 3,350ರಷ್ಟು ಜನ, ತಲೆಗೆ 45. ಜಗತ್ತಿನ ಅತಿ ದೊಡ್ಡ ಹಡಗುಗಳ ಸಾಲಿನ ಐಕಾನ್ ಆಫ್ ದಿ ಸೀಸ್‌ನಲ್ಲೂ ಸುಮಾರು 44ರಷ್ಟೇ. ದೊಡ್ಡ ಹಡಗೆಂದರೆ ವಿಶಾಲ ಎಂದೇನೂ ಅಲ್ಲ, ಅಲ್ಲಿ ಜನವೂ ಜಾಸ್ತಿ. ಮೂವತ್ತರ ಸುತ್ತಮುತ್ತ ಇದ್ದರೆ ಬಫೆ ಸಾಲು, ಲಿಫ್ಟು, ಈಜುಕೊಳದ ಕುರ್ಚಿ ಎಲ್ಲ ಕಡೆ ಕಾಯಬೇಕಾಗುತ್ತದೆ. ಶಾಲೆ ರಜೆಯಲ್ಲಿ ಮೂರನೇ, ನಾಲ್ಕನೇ ಬರ್ತುಗಳೂ ತುಂಬುವುದರಿಂದ ಲೆಕ್ಕ ಇನ್ನೂ ಇಳಿಯುತ್ತದೆ. ಅದೇ ಹಡಗು ಜನವರಿಯ ವಾರದ ನಡುವೆ ಎಷ್ಟೋ ನಿರಾಳ.

ಕಟ್ಟಿದ ವರ್ಷದ ಜೊತೆಗೆ ಕೊನೆಯ ಸಲ ಡ್ರೈಡಾಕಿಗೆ (ಹಡಗನ್ನು ನೀರಿನಿಂದ ಹೊರಗಿಟ್ಟು ರಿಪೇರಿ ಮಾಡುವ ಕಟ್ಟೆಗೆ) ಹೋಗಿ ಒಳಾಂಗಣ ನವೀಕರಿಸಿದ್ದು ಯಾವಾಗ ಎಂದು ಕೇಳಿ. ಹಳೆಯ ಹಡಗೆಂದು ಹಿಂಜರಿಯಬೇಕಿಲ್ಲ. ಆದರೆ ಬಾಲ್ಕನಿಗಳು ಅದರಲ್ಲಿ ಕಡಿಮೆ, ಒಳಗಿನ ಕ್ಯಾಬಿನ್ 120ರಿಂದ 150 ಚದರ ಅಡಿಯಷ್ಟೇ ಇರುತ್ತದೆ. ದೊಡ್ಡ ಸೂಟ್‌ಕೇಸು ಮಂಚದ ಕೆಳಗೇ ಹೋಗಬೇಕು.

ಹಡಗಿಗಿಂತಲೂ ಕ್ಯಾಬಿನ್ನಿನ ಆಯ್ಕೆಯಲ್ಲಿ ಎಡವುವವರೇ ಹೆಚ್ಚು. ಕಂಪನಿಯ ವೆಬ್‌ಸೈಟಿನಲ್ಲಿ ಡೆಕ್ ಪ್ಲಾನ್, ಅಂದರೆ ಹಡಗಿನ ಮಹಡಿಗಳ ನಕ್ಷೆ ಇರುತ್ತದೆ. ಅದನ್ನು ತೆರೆದು ನಿಮ್ಮ ಡೆಕ್ಕಿಗಿಂತ ಮೊದಲು ಅದರ ಮೇಲಿನ ಡೆಕ್ಕು, ಕೆಳಗಿನ ಡೆಕ್ಕು ನೋಡಿ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇದ್ದರೆ ನೆಮ್ಮದಿಯ ಜಾಗ. ನೆತ್ತಿಯ ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆದಾಡುವ ಕರಕರ ಶುರು. ಕೆಳಗೆ ಥಿಯೇಟರೋ ಡಿಸ್ಕೋವೋ ಇದ್ದರೆ ನಡುರಾತ್ರಿವರೆಗೂ ನೆಲ ಗುಮ್ಮೆನ್ನುತ್ತದೆ. ಅಡುಗೆಮನೆಯ ಮೇಲಿನ ಕ್ಯಾಬಿನ್‌ನಲ್ಲಿ ಟ್ರಾಲಿಗಳ ಸದ್ದು. ತೀರಾ ಮೂತಿಯ ಕಡೆ ಲಂಗರಿನ ಸರಪಳಿಯ ಶಬ್ದ, ತೀರಾ ಹಿಂದೆ ಪ್ರೊಪೆಲ್ಲರಿನ ಅದುರು. ಎರಡು ಕ್ಯಾಬಿನ್ ನಡುವೆ ಬಾಗಿಲಿನ ಗುರುತಿದ್ದರೆ ಪಕ್ಕದವರ ಮಾತೆಲ್ಲ ಕೇಳಿಸುತ್ತದೆ; ಎರಡೂ ನಿಮ್ಮದೇ ಆಗಿದ್ದರೆ ಮಾತ್ರ ತೆಗೆದುಕೊಳ್ಳಿ. ಕಿಟಕಿಯ ಕ್ಯಾಬಿನ್ ಆದರೆ ಎದುರಿಗೆ ಲೈಫ್‌ಬೋಟ್ ತೂಗುಹಾಕಿದೆಯೇ ನೋಡಿ. ಹಾಗಿದ್ದರೆ ಸಮುದ್ರದ ಬದಲು ಬೋಟಿನ ಬೆನ್ನು ನೋಡುತ್ತಾ ಕೂರಬೇಕು.

ಹೊಟ್ಟೆ ತೊಳಸುವ ಭಯವಿರುವವರಿಗೆ ಹಡಗಿನ ಉದ್ದದ ನಡುಭಾಗದಲ್ಲಿ, ಆದಷ್ಟು ಕೆಳಗಿನ ಡೆಕ್ಕೇ ಸರಿ. ಹಡಗು ತೂಗುವುದು ಆ ಜಾಗದ ಸುತ್ತ, ಹಾಗಾಗಿ ಅಲ್ಲಿ ಅಲುಗಾಟ ಕಡಿಮೆ. ಸ್ಟೆಬಿಲೈಸರ್ (ನೀರಿನೊಳಗೆ ಹಡಗಿನ ಬದಿಗೆ ಚಾಚುವ ರೆಕ್ಕೆ) ಇದೆಯಲ್ಲ ಎಂದು ಏಜೆಂಟ್ ಹೇಳಬಹುದು. ಅದು ಅಕ್ಕಪಕ್ಕದ ಹೊಯ್ದಾಟವನ್ನು ತಗ್ಗಿಸುತ್ತದೆ, ಹಿಂದೆ ಮುಂದೆ ಏಳುಬೀಳುವುದನ್ನಲ್ಲ. ಮಾತ್ರೆಯನ್ನು ವೈದ್ಯರನ್ನು ಕೇಳಿ ಹತ್ತುವ ಮೊದಲೇ ತೆಗೆದುಕೊಳ್ಳಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

'ಗ್ಯಾರಂಟಿ ಕ್ಯಾಬಿನ್' ಎಂದರೆ ದರ್ಜೆಯಷ್ಟೇ ಖಚಿತ, ನಂಬರನ್ನು ಕಂಪನಿಯೇ ಕೊಡುತ್ತದೆ. ಸ್ವಲ್ಪ ಅಗ್ಗ. ಗಟ್ಟಿ ನಿದ್ದೆಯ ಯುವಕರಿಗೆ ಪರವಾಗಿಲ್ಲ, ಅಜ್ಜ ಅಜ್ಜಿ ಜೊತೆಗಿದ್ದರೆ ಬೇಡವೇ ಬೇಡ. ನಾಲ್ವರ ಕುಟುಂಬಕ್ಕೆ ಒಂದೇ ಕ್ಯಾಬಿನ್ ಎಂದರೆ ಇಬ್ಬರು ಗೋಡೆಯಿಂದ ಇಳಿಯುವ ಮೇಲಿನ ಬರ್ತಿಗೆ ಏಣಿ ಹತ್ತಬೇಕು. ಸಮುದ್ರ ಕಾಣುವ ಒಂದು ಕ್ಯಾಬಿನ್ನಿನ ಬದಲು ಅಕ್ಕಪಕ್ಕದ ಎರಡು ಒಳಕ್ಯಾಬಿನ್‌ಗಳ ದರ ಕೇಳಿ ನೋಡಿ. ಹಲವು ಸಲ ವ್ಯತ್ಯಾಸ ಕಡಿಮೆ, ಬಚ್ಚಲು ಎರಡು ಸಿಗುತ್ತವೆ.

ಊರುಗಳ ಪಟ್ಟಿ ಓದುವುದು

ನಮಗೇ ಗೊತ್ತಿರುವ ಬಂದರಿನಿಂದ ಶುರು ಮಾಡೋಣ. ಚಳಿಗಾಲದಲ್ಲಿ ವಿದೇಶಿ ಕ್ರೂಸ್ ಹಡಗುಗಳು ಪಣಂಬೂರಿನ ನವ ಮಂಗಳೂರು ಬಂದರಿಗೆ ಬರುತ್ತವೆ. ಬೆಳಿಗ್ಗೆ ಇಳಿದವರು ಬಸ್ಸಿನಲ್ಲಿ ಕದ್ರಿ, ಕುದ್ರೋಳಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿಕೊಂಡು ಸಂಜೆಗೆ ವಾಪಸ್. ಅವರಲ್ಲಿ ಯಾರಾದರೂ ಅದೇ ದಿನ ಧರ್ಮಸ್ಥಳ, ಕೊಲ್ಲೂರು ಎರಡೂ ಮುಗಿಸುತ್ತೇವೆ ಎಂದರೆ ನಾವು ಬೇಡ ಎನ್ನುತ್ತೇವೆ. ಆದರೆ ಅದೇ ನಾವು ಪಟ್ಟಿಯಲ್ಲಿ 'ರೋಮ್' ಎಂದು ಕಂಡರೆ ಬಂದರು ಎಲ್ಲಿದೆ ಎಂದೂ ಕೇಳದೆ ಬುಕ್ ಮಾಡುತ್ತೇವೆ. ರೋಮಿನ ಬಂದರು ಚಿವಿಟವೆಕ್ಕಿಯಾ ಸುಮಾರು 80 ಕಿಲೋಮೀಟರ್ ದೂರ. ಪ್ಯಾರಿಸ್ ಎಂದರೆ ಸುಮಾರು 200 ಕಿಲೋಮೀಟರ್ ಆಚೆಯ ಲ ಹಾವ್ರ್. ಬ್ಯಾಂಕಾಕ್ ಎಂದರೆ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಲೇಮ್ ಚಬಾಂಗ್. ಕ್ವಾಲಾಲಂಪುರ ಎಂದರೆ ಪೋರ್ಟ್ ಕ್ಲಾಂಗ್, 40 ಕಿಲೋಮೀಟರಿನ ಮೇಲೆ. 25,000 ಟನ್ನೇಜ್ ಮೀರಿದ ಹಡಗುಗಳನ್ನು 2021ರ ಆಗಸ್ಟಿನಿಂದ ವೆನಿಸಿನ ಜೂಡೆಕ್ಕಾ ಕಾಲುವೆಗೆ ಬಿಡುತ್ತಿಲ್ಲ. ಹಾಗಾಗಿ ಪಟ್ಟಿಯ 'ವೆನಿಸ್' ಟ್ರಿಯೆಸ್ಟ್ ಅಥವಾ ರವೆನ್ನಾ ಆಗಿರಬಹುದು.

ಪ್ರತಿ ಊರಿನ ಎದುರು ಬಂದರಿನ ನಿಜವಾದ ಹೆಸರು, ಮುಟ್ಟುವ ಮತ್ತು ಹೊರಡುವ ವೇಳೆ, ಹಡಗು ಧಕ್ಕೆಗೆ ಕಟ್ಟುತ್ತದೆಯೋ ಲಂಗರು ಹಾಕುತ್ತದೆಯೋ ಎಂದು ಬರೆದುಕೊಳ್ಳಿ. ಈ ಕೊನೆಯದನ್ನು ಯಾರೂ ಕೇಳುವುದಿಲ್ಲ, ಕೈಕೊಡುವುದೂ ಅದೇ. ಲಂಗರು ಹಾಕಿದರೆ ದಡಕ್ಕೆ ಚಿಕ್ಕ ಟೆಂಡರ್ ಬೋಟಿನಲ್ಲಿ ಹೋಗಬೇಕು. ಹಡಗಿನ ಪಕ್ಕದ ತೆರೆಗೆ ಬೋಟು ಏರಿಳಿಯುತ್ತಿರುವಾಗ ಸಿಬ್ಬಂದಿಯ ಕೈ ಹಿಡಿದು ಹೆಜ್ಜೆ ಇಡಬೇಕು. ಮೊಣಕಾಲು ನೋವಿನವರಿಗೆ ಕಷ್ಟ, ಗಾಲಿಕುರ್ಚಿಯನ್ನು ಹಲವು ಕಡೆ ಬಿಡುವುದೇ ಇಲ್ಲ. ಸರದಿಯ ಟೋಕನ್‌ಗೇ ಒಂದೆರಡು ಗಂಟೆ ಹೋಗುತ್ತದೆ. ಅಲೆ ಜೋರಾದರೆ ಕ್ಯಾಪ್ಟನ್ ಇಳಿಸುವುದನ್ನೇ ರದ್ದು ಮಾಡುತ್ತಾರೆ.

ಲಕ್ಷದ್ವೀಪದ ಯಾನಕ್ಕೆ ಇದೆಲ್ಲ ಅನ್ವಯ. ದೊಡ್ಡ ಹಡಗು ಹವಳದ ದಿಬ್ಬದ ಆಚೆಯೇ ನಿಲ್ಲುತ್ತದೆ, ದಿಬ್ಬದೊಳಗಿನ ಆಳವಿಲ್ಲದ ನೀರನ್ನು, ಅಂದರೆ ಲಗೂನನ್ನು ದಾಟಿಸುವುದು ಬೋಟು. ದ್ವೀಪಕ್ಕೆ ಪ್ರವೇಶ ಪರವಾನಗಿ ಬೇಕು. ಅದನ್ನು ಕಂಪನಿ ಮಾಡಿಸುತ್ತದೆಯೇ, ನಿಮ್ಮಿಂದ ಯಾವ ದಾಖಲೆ ಎಂದಿಗೆ ಬೇಕು ಎಂದು ಬುಕಿಂಗ್ ವೇಳೆಯೇ ಕೇಳಿ. ಹಾಗಿದ್ದೂ ಕಡಿಮೆ ರಾತ್ರಿಯ ಯಾನಗಳಲ್ಲಿ ಊರಿಗಾಗಿಯೇ ಹೋಗಬೇಕಾದದ್ದು ಇದೊಂದು. ವಿಮಾನ, ಪರವಾನಗಿ, ವಸತಿ ಮೂರನ್ನೂ ಬೇರೆ ಬೇರೆ ಹೊಂದಿಸುವ ತಾಪತ್ರಯ ತಪ್ಪುತ್ತದೆ, ಆ ತಿಳಿನೀಲಿ ಲಗೂನ್ ನಮ್ಮ ಕರಾವಳಿಯಲ್ಲಿ ಬೇರೆಲ್ಲೂ ಇಲ್ಲ. ಹಡಗು ಸಾಧಾರಣವಾದರೂ ಒಪ್ಪಿಕೊಳ್ಳಿ, ದ್ವೀಪದಲ್ಲಿ ಎಷ್ಟು ಗಂಟೆ ಎಂಬುದರಲ್ಲಿ ರಾಜಿ ಬೇಡ.

ಬಂದರನ್ನು ಬಿಟ್ಟುಬಿಡುವ ಹಕ್ಕನ್ನು ಎಲ್ಲ ಕಂಪನಿಗಳೂ ಕರಾರಿನಲ್ಲಿ ಇಟ್ಟುಕೊಂಡಿರುತ್ತವೆ. ಸಾಮಾನ್ಯವಾಗಿ ಬಂದರು ಶುಲ್ಕವಷ್ಟೇ ವಾಪಸ್ಸು ಬರುತ್ತದೆ. ಹಾಗಾಗಿ ಒಂದೇ ಊರಿಗೆ ಆಸೆಪಟ್ಟು ಹೋಗುವುದಾದರೆ ತಿಂಗಳು ನೋಡಿ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತದ ಕಾಲ ಎರಡು: ಮುಂಗಾರಿಗೆ ಮುಂಚಿನ ಮೇ–ಜೂನ್, ಆಮೇಲಿನ ಅಕ್ಟೋಬರ್–ನವೆಂಬರ್. 2021ರ ತೌಕ್ತೆ ಬಂದದ್ದು ಮೇ ತಿಂಗಳಲ್ಲೇ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಸಮುದ್ರ ಹೆಚ್ಚು ಶಾಂತ.

ಸಿಂಗಾಪುರ, ದುಬೈನಿಂದ ಹೊರಡುವ ಯಾನಗಳು

ಇಲ್ಲಿ ವೀಸಾ ಲೆಕ್ಕ ಮೊದಲು. ಹಡಗು ದೇಶ ಬಿಟ್ಟು ಮತ್ತೆ ಅದೇ ದೇಶಕ್ಕೆ ಮರಳಿದರೆ ಅದು ಎರಡನೇ ಪ್ರವೇಶ, ಒಂದೇ ಪ್ರವೇಶದ ವೀಸಾ ಸಾಲದು. ಇಟಲಿಯಿಂದ ಟರ್ಕಿಗೆ ಹೋಗಿ ಬರುವ ಯಾನಕ್ಕೆ ಷೆಂಗೆನ್ ವೀಸಾವೂ (ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಮಲ್ಟಿಪಲ್ ಎಂಟ್ರಿಯದೇ ಆಗಬೇಕು. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಲಿ. ವಿಮಾನವನ್ನು ಹಿಂದಿನ ದಿನಕ್ಕೇ ಮಾಡಿ, ತಡವಾದರೆ ಹಡಗು ಕಾಯುವುದಿಲ್ಲ. ಸಿಂಗಾಪುರದಲ್ಲಿ ಮರೀನಾ ಬೇ, ಹಾರ್ಬರ್‌ಫ್ರಂಟ್ ಎಂದು ಎರಡು ಟರ್ಮಿನಲ್. ಟಿಕೆಟಿನಲ್ಲಿ ಯಾವುದಿದೆ ನೋಡಿಕೊಂಡು ಹೋಟೆಲ್ ಮಾಡಿ. ಸಿಂಗಾಪುರದ ಮೂರು–ನಾಲ್ಕು ರಾತ್ರಿಯ ಯಾನಗಳಲ್ಲಿ ಮತ್ತೆ ಹಡಗೇ ಮುಖ್ಯ. ಅಲಾಸ್ಕಾ, ನಾರ್ವೆಯಾದರೆ ಪೂರ್ತಿ ಉಲ್ಟಾ, ಅಲ್ಲಿ ದಾರಿಯೇ ನೋಟ. ಅಲಾಸ್ಕಾದ ಗ್ಲೇಶಿಯರ್ ಬೇಗೆ ದಿನಕ್ಕೆ ಹೆಚ್ಚೆಂದರೆ ಎರಡು ಕ್ರೂಸ್ ಹಡಗುಗಳಿಗೆ ಮಾತ್ರ ಅನುಮತಿ. ನಿಮ್ಮ ಪಟ್ಟಿಯಲ್ಲಿ ಆ ಹೆಸರೇ ಇದೆಯೋ, ಬರೀ 'ಗ್ಲೇಶಿಯರ್ ದರ್ಶನ' ಎಂದಿದೆಯೋ ಓದಿ.

ಸಸ್ಯಾಹಾರ, ಜೈನ ಊಟ ವಿದೇಶಿ ಹಡಗುಗಳಲ್ಲೂ ಸಿಗುತ್ತದೆ, ಆದರೆ ಬುಕಿಂಗ್ ವೇಳೆಯೇ ಬರೆದು ಕೊಟ್ಟಿರಬೇಕು. ಉತ್ತರವನ್ನು ಇಮೇಲಿನಲ್ಲಿ ಪಡೆಯಿರಿ, ಬಾಯಿಮಾತು ಬೇಡ.

ದರ

ಜಾಹೀರಾತಿನ ದರ ಕ್ಯಾಬಿನ್ನಿನಲ್ಲಿ ಇಬ್ಬರಿದ್ದಾಗ ಒಬ್ಬರಿಗೆ. ಒಬ್ಬರೇ ಹೋದರೆ ಎರಡು ಪಾಲೂ ಕಟ್ಟಬೇಕಾಗಬಹುದು. ಇದಕ್ಕೆ ಬಂದರು ಶುಲ್ಕ, ಜಿಎಸ್‌ಟಿ, ದಿನದ ಟಿಪ್ಸ್, ಇಂಟರ್ನೆಟ್, ಪಾನೀಯ, ದಡದ ಪ್ರವಾಸ ಸೇರಿಸಿ ಬಂದ ಮೊತ್ತವನ್ನು ರಾತ್ರಿಗಳಿಂದ ಭಾಗಿಸಿ. ಅಮೆರಿಕದ ಕಂಪನಿಗಳು ಟಿಪ್ಸ್ ಎಂದೇ ತಲೆಗೆ ದಿನಕ್ಕೆ 16–20 ಡಾಲರ್ ಹಾಕುತ್ತವೆ. ನಾಲ್ವರಿಗೆ ವಾರಕ್ಕೆ ಎಷ್ಟಾಯಿತು ನೋಡಿ. ಎಷ್ಟೋ ಸಲ ಮೂಗಿಗಿಂತ ಮೂಗುತಿ ಭಾರ. ವಿದೇಶಿ ಪ್ಯಾಕೇಜಿನ ಮೇಲೆ ವಸೂಲಾಗುವ ಟಿಸಿಎಸ್ (ಮಾರುವವರೇ ಮುಂಗಡ ಹಿಡಿಯುವ ತೆರಿಗೆ) ಮಾತ್ರ ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಎರಡು ಯಾನಗಳನ್ನು ಹೋಲಿಸಬೇಕಾದದ್ದು ಈ ಒಟ್ಟು ದರದಲ್ಲಿ.

ಹತ್ತುವ ದಿನ

ಮುಂಬಯಿಯಲ್ಲಿ ಹತ್ತುವುದು ಬ್ಯಾಲಾರ್ಡ್ ಪಿಯರ್‌ನಿಂದ, ಸಿಎಸ್‌ಎಂಟಿಯಿಂದ ಟ್ಯಾಕ್ಸಿಯಲ್ಲಿ ಕೆಲವೇ ನಿಮಿಷ. ಪುಣೆಯವರಿಗೆ 7.15ರ ಡೆಕ್ಕನ್ ಕ್ವೀನ್ ಅನುಕೂಲ, 10.25ಕ್ಕೆ ಸಿಎಸ್‌ಎಂಟಿ. ವೆಬ್ ಚೆಕ್–ಇನ್ ಹಿಂದಿನ ದಿನಗಳಲ್ಲೇ ಮುಗಿಸಿ ಮಧ್ಯಾಹ್ನದ ಮೊದಲ ಸ್ಲಾಟ್ ತೆಗೆದುಕೊಳ್ಳಿ. ದೇಶದೊಳಗಿನ ಯಾನಕ್ಕೂ ಮಕ್ಕಳು ಸೇರಿ ಎಲ್ಲರಿಗೂ ಸರ್ಕಾರಿ ಗುರುತಿನ ಚೀಟಿ ಬೇಕು. ದೊಡ್ಡ ಚೀಲಗಳು ಕ್ಯಾಬಿನ್ನಿಗೆ ಬರುವುದು ತಡ. ಔಷಧಿ, ಒಂದು ಜೊತೆ ಬಟ್ಟೆ, ಚಾರ್ಜರ್ ಕೈಚೀಲದಲ್ಲಿರಲಿ. ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ದೀಪ, ಊದುಬತ್ತಿ ಬೆಂಕಿಯ ಭಯಕ್ಕೆ ನಿಷಿದ್ಧ. ಗೋವಾದಲ್ಲಿ ಕೊಂಡ ಫೆನಿ ಬಾಟಲಿಯನ್ನು ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಹಡಗು ಹೊರಟೊಡನೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಹಡಗಿನ ಉಪಗ್ರಹ ನೆಟ್‌ವರ್ಕಿಗೆ ಅದು ತಾನಾಗಿ ಜೋಡಿಕೊಂಡರೆ ರೋಮಿಂಗ್ ಬಿಲ್ಲು ಸಾವಿರಗಳಲ್ಲಿ ಬರುತ್ತದೆ. ಮರಳುವ ದಿನ ಪುಣೆಗೆ ಸಂಜೆ 5.10ರ ಡೆಕ್ಕನ್ ಕ್ವೀನಿಗೇ ಟಿಕೆಟ್ ಮಾಡಿ. ಬೆಳಗಿನ ರೈಲು ಬೇಡ, ಹಡಗು ಕಟ್ಟಿದ ಮೇಲೂ ಇಳಿದು ಚೀಲ ಸಿಗಲು ಎರಡು ಗಂಟೆಯಾದರೂ ಹಿಡಿಯುತ್ತದೆ.